ನಾಲ್ಕು ದ್ವೀಪ, ಇಬ್ಬರ ತಂಡ: ಕ್ವಾರ್ನರ್ ಕೊಲ್ಲಿಯ ಮೌಂಟನ್ ಬೈಕ್ ಸವಾಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೊಯೇಷಿಯಾದ ಉತ್ತರ ಕರಾವಳಿಗೆ ಹತ್ತಿಕೊಂಡ ಹಾಗೆ, ಆಡ್ರಿಯಾಟಿಕ್ ಸಮುದ್ರದ ಕ್ವಾರ್ನರ್ ಕೊಲ್ಲಿಯಲ್ಲಿ ಕರ್ಕ್, ರಾಬ್, ತ್ಸ್ರೆಸ್, ಲೋಶಿನ್ ಎಂಬ ನಾಲ್ಕು ದ್ವೀಪಗಳಿವೆ. ಇಬ್ಬಿಬ್ಬರ ತಂಡಗಳು ದಿನಕ್ಕೊಂದು ಹಂತದಂತೆ ಈ ನಾಲ್ಕನ್ನೂ ಸೈಕಲ್ ಮೇಲೆ ದಾಟುವ ‘ಫೋರ್ ಐಲ್ಯಾಂಡ್ಸ್’ ಹಂತ ಸ್ಪರ್ಧೆಯಿಂದಾಗಿ ಮೌಂಟನ್ ಬೈಕ್ ಓಡಿಸುವವರ ವಲಯದಲ್ಲಿ ಇವು ಹೆಸರಾದವು. ಸ್ಪರ್ಧೆಗೆ ಹೆಸರು ಕೊಡುವವರಿಗೂ, ಅದೇ ದಾರಿಯನ್ನು ಗೆಳೆಯರ ಜೊತೆ ತಮ್ಮ ಪಾಡಿಗೆ ಓಡಿಸಬೇಕು ಎನ್ನುವವರಿಗೂ ಬರುವ ಅನುಮಾನಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಉತ್ತರವಿದೆ.

ತಂಡದ ಸವಾಲು ಅಂದರೆ ಏನು? ರಿಲೇ ಥರ ಒಬ್ಬರಾದ ಮೇಲೆ ಒಬ್ಬರು ಓಡಿಸುವುದಾ?

ಇಲ್ಲ. ರಿಲೇ ಮಾದರಿಯ ಪಂದ್ಯಗಳು ಬೇರೆ ಇವೆ. ಅಲ್ಲಿ ಒಬ್ಬರು ಸುತ್ತು ಹಾಕುವಾಗ ಉಳಿದವರು ಟೆಂಟಿನಲ್ಲಿ ಕೂತು ಸುಧಾರಿಸಿಕೊಳ್ಳುತ್ತಾರೆ. ಇಲ್ಲಿ ಇಬ್ಬರೂ ಒಟ್ಟಿಗೆ ಹೊರಡಬೇಕು, ಒಟ್ಟಿಗೆ ಓಡಿಸಬೇಕು, ಒಟ್ಟಿಗೆ ಕೊನೆಯ ಗೆರೆ ದಾಟಬೇಕು. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಈ ಬಗೆಯ ಸ್ಪರ್ಧೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಜೊತೆಗಾರರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು ಎಂಬುದು ಅಲ್ಲಿನ ನಿಯಮ, ಮೀರಿದರೆ ದಂಡ. ಇತರ ಸ್ಪರ್ಧೆಗಳಲ್ಲಿ ಅಂಕಿ ಸ್ವಲ್ಪ ಹಿಂದೆ ಮುಂದೆ ಆಗಬಹುದು, ತಿರುಳು ಅದೇ. ತಂಡದ ಸಮಯವೆಂದರೆ ಹಿಂದೆ ಬಂದವರ ಸಮಯ.

ಈ ಒಂದು ಸಾಲು ಮನಸ್ಸಿಗೆ ಇಳಿದರೆ ಮುಂದಿನ ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಮುಂದಿರುವವರು ಎಷ್ಟು ಬೇಗ ಗುಡ್ಡ ಹತ್ತಿದರು ಎಂಬುದಕ್ಕೆ ಇಲ್ಲಿ ಲೆಕ್ಕವೇ ಇಲ್ಲ.

ನನಗೂ ನನ್ನ ಗೆಳೆಯನಿಗೂ ಶಕ್ತಿಯಲ್ಲಿ ಬಹಳ ವ್ಯತ್ಯಾಸ ಇದೆ. ಜೋಡಿ ಆಗಬಹುದೇ?

ಆಗಬಹುದು, ಒಂದು ಷರತ್ತಿನ ಮೇಲೆ. ಇಬ್ಬರಿಗೂ ಆ ವ್ಯತ್ಯಾಸ ಗೊತ್ತಿರಬೇಕು, ಅದನ್ನು ಮುಜುಗರವಿಲ್ಲದೆ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು. ಕೆಡುವುದು ಶಕ್ತಿಯ ವ್ಯತ್ಯಾಸದಿಂದಲ್ಲ, ಗುರಿಯ ವ್ಯತ್ಯಾಸದಿಂದ. ಒಬ್ಬರಿಗೆ ಮೊದಲ ಮೂವತ್ತರೊಳಗೆ ಬರುವ ಆಸೆ, ಇನ್ನೊಬ್ಬರಿಗೆ ಸಮಯದ ಮಿತಿಯೊಳಗೆ ಮುಗಿಸಿ ಸಮುದ್ರಕ್ಕೆ ಇಳಿಯುವ ಆಸೆ ಎಂದಾದರೆ ಆ ಜೋಡಿ ಎರಡನೇ ದಿನಕ್ಕೇ ಮಾತು ಬಿಟ್ಟಿರುತ್ತದೆ.

ಜೊತೆಗಾರರನ್ನು ಆರಿಸುವಾಗ ಅವರ ವೇಗ ನೋಡಬೇಡಿ. ಹಸಿದಾಗ, ನೆನೆದಾಗ, ದಾರಿ ತಪ್ಪಿದಾಗ ಹೇಗಿರುತ್ತಾರೆ ಅನ್ನುವುದನ್ನು ನೋಡಿ. ಇದು ತಿಳಿಯಬೇಕಾದರೆ ಬೆನ್ನುಬೆನ್ನಿಗೆ ಎರಡು ದಿನ, ದಿನಕ್ಕೆ ಐದಾರು ಗಂಟೆ ಒಟ್ಟಿಗೆ ಓಡಿಸಿ ನೋಡಬೇಕು. ಎರಡನೇ ದಿನದ ಕೊನೆಯ ಗಂಟೆಯಲ್ಲಿ ಕಾಣುವ ಮನುಷ್ಯನ ಜೊತೆಯಲ್ಲೇ ನೀವು ದ್ವೀಪದ ಮೇಲೂ ಇರುತ್ತೀರಿ. ಒಂದು ಭಾನುವಾರದ ಬೆಳಗಿನ ಸವಾರಿಯಲ್ಲಿ ಎಲ್ಲರೂ ಒಳ್ಳೆಯವರೇ.

ಹಾಗಾದರೆ ಓಡಿಸುವಾಗ ಯಾರು ಮುಂದೆ, ಯಾರು ಹಿಂದೆ?

ನೆಲ ಬದಲಾದಂತೆ ಇದೂ ಬದಲಾಗುತ್ತದೆ.

ಉದ್ದನೆಯ ಏರಿನಲ್ಲಿ ನಿಧಾನದವರು ಮುಂದೆ ಇರಲಿ. ಹೆಚ್ಚಿನ ಜೋಡಿಗಳು ಮಾಡುವುದು ಇದರ ತಿರುಗುಮುರುಗು. ಗಟ್ಟಿಗರು ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುತ್ತಿದ್ದಂತೆ ‘ಹೊರಡೋಣವಾ’ ಎಂದು ಪೆಡಲ್ ಮೇಲೆ ಕಾಲಿಡುತ್ತಾರೆ. ಗಟ್ಟಿಗರಿಗೆ ಎರಡು ನಿಮಿಷ ವಿಶ್ರಾಂತಿ ಸಿಕ್ಕಿತು, ಬಳಲಿದವರಿಗೆ ಒಂದು ಕ್ಷಣವೂ ಸಿಗಲಿಲ್ಲ. ದಿನವಿಡೀ ಹೀಗೆಯೇ ನಡೆದರೆ ನಿಧಾನದವರು ಸಂಜೆಯ ಹೊತ್ತಿಗೆ ಪೂರಾ ಖಾಲಿ. ಅವರೇ ಮುಂದಿದ್ದು ತಮ್ಮ ಉಸಿರಿಗೆ ಸರಿಯಾದ ವೇಗ ಹಿಡಿದರೆ ಏರು ಬೇಗ ಮುಗಿಯುತ್ತದೆ, ಯಾರೂ ಎಲ್ಲೂ ಕಾಯಬೇಕಿಲ್ಲ.

ಸಮತಟ್ಟು ದಾರಿಯಲ್ಲಿ, ಅದರಲ್ಲೂ ಎದುರುಗಾಳಿಯಲ್ಲಿ, ಗಟ್ಟಿಗರು ಮುಂದೆ ಬರಬೇಕು. ಅವರ ಬೆನ್ನಿಗೆ ಒಂದು ಚಕ್ರದಷ್ಟು ಅಂತರದಲ್ಲಿ ಇನ್ನೊಬ್ಬರು. ಗಾಳಿಯ ತಡೆ ವೇಗ ಏರಿದಂತೆಲ್ಲ ಹೆಚ್ಚುವುದರಿಂದ ಮರೆಯಲ್ಲಿ ಓಡಿಸುವವರಿಗೆ ಗಮನಕ್ಕೆ ಬರುವಷ್ಟು ಶ್ರಮ ಉಳಿಯುತ್ತದೆ. ಮುಂದಿನವರು ತಿರುಗಿ ನೋಡುವ ಅಭ್ಯಾಸ ಮಾಡಿಕೊಳ್ಳಬೇಕು. ಅಂತರ ಬಿಟ್ಟುಹೋದರೆ ಮರೆಯೂ ಹೋಯಿತು.

ಇಳಿಜಾರಿನಲ್ಲಿ, ಯಾರಿಗೆ ಕಲ್ಲಿನ ದಾರಿಯಲ್ಲಿ ಚಕ್ರ ಎಲ್ಲಿ ಹಾಯಿಸಬೇಕು ಎಂಬುದು ಚೆನ್ನಾಗಿ ಗೊತ್ತೋ ಅವರು ಮುಂದೆ. ಹಿಂದಿನವರು ಸಾಕಷ್ಟು ದೂರ ಬಿಟ್ಟೇ ಬರಬೇಕು, ಏಕೆಂದರೆ ಮುಂದಿನ ಚಕ್ರ ಎಬ್ಬಿಸುವ ಧೂಳಿನಲ್ಲಿ ಕಲ್ಲೇ ಕಾಣುವುದಿಲ್ಲ. ಭಾರದ ವಿಷಯಕ್ಕೆ ಬಂದರೆ ಪಂಪು, ಉಪಕರಣ, ಹೆಚ್ಚುವರಿ ನೀರು ಎಲ್ಲ ಗಟ್ಟಿಗರ ಬೆನ್ನ ಮೇಲೆ. ನುಣುಪಾದ ಏರಿನಲ್ಲಿ ಜೊತೆಗಾರರ ಸೊಂಟದ ಹಿಂದೆ ಅಂಗೈ ಇಟ್ಟು ತಳ್ಳುವುದನ್ನೂ ಅಭ್ಯಾಸ ಮಾಡಿ. ತಳ್ಳಿಸಿಕೊಳ್ಳುವವರಿಗೆ ಮೊದಲು ಅಭಿಮಾನ ಅಡ್ಡ ಬರುತ್ತದೆ. ಆಮೇಲೆ ಅವರೇ ಕೇಳುತ್ತಾರೆ. ಹಗ್ಗ ಕಟ್ಟಿ ಎಳೆಯುವುದಕ್ಕೆ ನಿಮ್ಮ ಸ್ಪರ್ಧೆಯಲ್ಲಿ ಅವಕಾಶ ಇದೆಯೇ ಎಂದು ನಿಯಮಾವಳಿ ಓದಿಕೊಳ್ಳಿ.

ನಾಲ್ಕು ದ್ವೀಪಗಳಲ್ಲಿ ದಾರಿ ಹೇಗಿದೆ?

ಕಲ್ಲು. ಮೊದಲು ಹೇಳಬೇಕಾದ್ದು ಅದನ್ನೇ. ಇಡೀ ಪ್ರದೇಶ ಸುಣ್ಣದಕಲ್ಲಿನದು. ಮಳೆನೀರು ಸಾವಿರಾರು ವರ್ಷ ಕರಗಿಸಿ ಕೊರೆದ ಕಲ್ಲಿನ ಅಂಚು ಚಾಕುವಿನಷ್ಟು ಹರಿತ. ಮಣ್ಣಿನ ದಾರಿಯಲ್ಲಿ ಕಲಿತವರಿಗೆ ಮೊದಲ ದಿನ ಕೈ ಮರಗಟ್ಟುತ್ತದೆ.

ಇನ್ನೊಂದು ವಿಚಿತ್ರ, ಒಂದೇ ದ್ವೀಪದ ಎರಡು ಬದಿಗಳು ಎರಡು ಲೋಕದಂತೆ ಇರುವುದು. ಎದುರಿನ ನೆಲದಲ್ಲಿ ವೆಲೆಬಿಟ್ ಪರ್ವತಸಾಲು ಇದೆ. ಅಲ್ಲಿಂದ ಇಳಿದು ಬರುವ ‘ಬುರಾ’ ಎಂಬ ಈಶಾನ್ಯ ಗಾಳಿ ಸಮುದ್ರದ ಉಪ್ಪುನೀರನ್ನು ಎತ್ತಿ ದ್ವೀಪಗಳ ಪೂರ್ವ ಬದಿಗೆ ಎರಚುತ್ತದೆ. ಹಾಗಾಗಿ ಕರ್ಕ್‌ನ ಬಾಶ್ಕಾ ಊರಿನ ಮೇಲಿನ ಪ್ರಸ್ಥಭೂಮಿಯಲ್ಲಿ, ರಾಬ್‌ನ ಪೂರ್ವ ಮಗ್ಗುಲಲ್ಲಿ ಒಂದು ಮರವಿಲ್ಲ. ಬಿಳಿಗಲ್ಲು, ಅಲ್ಲಲ್ಲಿ ಸೇಜ್ ಗಿಡದ ಬೂದುಹಸಿರು, ಕೆಳಗೆ ಕಣ್ಣು ಕುಕ್ಕುವ ನೀಲಿ. ಬಾಶ್ಕಾದ ಆ ಬಯಲನ್ನು ಅಲ್ಲಿಯವರು ಚಂದ್ರನ ಹೆಸರಿನಿಂದಲೇ ಕರೆಯುತ್ತಾರೆ. ಅದೇ ರಾಬ್‌ನ ಪಶ್ಚಿಮಕ್ಕೆ, ಕಾಲಿಫ್ರಂಟ್ ಕಾಡಿಗೆ ಹೋದರೆ ಓಕ್ ಮರಗಳ ನೆರಳಲ್ಲಿ ಎಲೆ ಹಾಸಿದ ದಾರಿ, ಸೈಕಲ್ಲಿನ ಸದ್ದೂ ಕೇಳದು.

ಎತ್ತರ ನೋಡಿ ಮೋಸ ಹೋಗಬೇಡಿ. ಕರ್ಕ್‌ನ ಅತಿ ಎತ್ತರದ ಓಬ್ಜೋವಾ ಸುಮಾರು 570 ಮೀಟರ್, ಲೋಶಿನ್‌ನ ತೆಲೆವ್ರಿನ್ 588 ಮೀಟರ್, ರಾಬ್‌ನ ಕಾಮೆನ್ಯಾಕ್ ಸುಮಾರು 410 ಮೀಟರ್. ಆಲ್ಪ್ಸ್ ಕಂಡವರಿಗೆ ಇವು ಗುಡ್ಡಗಳೇ. ಆದರೆ ಇಲ್ಲಿ ಏರು ಶುರುವಾಗುವುದು ಸಮುದ್ರಮಟ್ಟದಿಂದ, ಇಳಿದರೆ ಮತ್ತೆ ಸಮುದ್ರಮಟ್ಟಕ್ಕೆ, ಅಲ್ಲಿಂದ ಮತ್ತೆ ಏರು. ತ್ಸ್ರೆಸ್‌ನ ಲುಬೆನಿತ್ಸೆ ಹಳ್ಳಿ ಕಡಲಿನಿಂದ 378 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ ಕೂತಿದೆ. ಕೆಳಗಿನ ದಡದಿಂದ ತಲೆ ಎತ್ತಿ ನೋಡಿದರೆ ಅಷ್ಟು ಮೀಟರೂ ಒಂದೇ ನೋಟಕ್ಕೆ ಸಿಗುತ್ತದೆ.

ಹಂತ ಸ್ಪರ್ಧೆಗಳಲ್ಲಿ ದಿನಕ್ಕೆ 50ರಿಂದ 80 ಕಿಲೋಮೀಟರ್, 1,000ದಿಂದ 2,000 ಮೀಟರ್ ಏರು ಸಾಮಾನ್ಯ. ಇಲ್ಲಿನ ಕಲ್ಲಿನ ಮೇಲೆ 60 ಕಿಲೋಮೀಟರ್ ಎಂದರೆ ಮಣ್ಣಿನ ದಾರಿಯ 80 ಎಂದುಕೊಂಡು ಸಮಯ ಲೆಕ್ಕ ಹಾಕಿ.

ಯಾವ ದ್ವೀಪ ಅತ್ಯಂತ ಚೆಂದ?

ನನ್ನನ್ನು ಕೇಳಿದರೆ ತ್ಸ್ರೆಸ್. ಕರ್ಕ್ ಮತ್ತು ತ್ಸ್ರೆಸ್ ಎರಡೂ ಹೆಚ್ಚುಕಡಿಮೆ 405 ಚದರ ಕಿಲೋಮೀಟರ್ ವಿಸ್ತಾರದವು. ಆದರೂ ಕರ್ಕ್‌ಗೆ 1980ರಲ್ಲೇ ಸೇತುವೆ ಬಂತು, ವಿಮಾನ ನಿಲ್ದಾಣವೂ ಇದೆ. ತ್ಸ್ರೆಸ್‌ಗೆ ಇಂದಿಗೂ ದೋಣಿಯೇ ಗತಿ. ಆ ಮೌನ ದಾರಿಯಲ್ಲಿ ಗೊತ್ತಾಗುತ್ತದೆ. ಉತ್ತರದ ತ್ರಾಮುಂತಾನಾ ಭಾಗದಲ್ಲಿ ಹಳೆಯ ಓಕ್ ಕಾಡು. ಅದರಾಚೆ ಕಡಲಿನ ಕಡಿಬಂಡೆಗಳಲ್ಲಿ ಗ್ರಿಫನ್ ರಣಹದ್ದುಗಳು ಗೂಡು ಕಟ್ಟುತ್ತವೆ. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್ ಮೀರುವ ಹಕ್ಕಿ ಅದು. ಏರಿನಲ್ಲಿ ತಲೆ ತಗ್ಗಿಸಿ ಪೆಡಲ್ ತುಳಿಯುತ್ತಿದ್ದಾಗ ಕಲ್ಲಿನ ಮೇಲೆ ಒಂದು ಅಗಲವಾದ ನೆರಳು ಹಾದುಹೋದರೆ ತಪ್ಪದೆ ತಲೆ ಎತ್ತಿ. ಒಂದು ನಿಮಿಷ ತಡವಾದರೂ ಪರವಾಗಿಲ್ಲ.

ಬಂಡೆಯಂಚಿಗೆ ಹೋಗಿ ಕೂಗಾಡುವುದು, ಡ್ರೋನ್ ಹಾರಿಸುವುದು ಮಾತ್ರ ಖಂಡಿತ ಬೇಡ. ಇನ್ನೂ ಸರಿಯಾಗಿ ಹಾರಲು ಬಾರದ ಮರಿಗಳು ಗಾಬರಿಯಾಗಿ ಗೂಡು ಬಿಟ್ಟರೆ ಸೀದಾ ಸಮುದ್ರಕ್ಕೆ ಬೀಳುತ್ತವೆ. ಹಾಗೆ ಬಿದ್ದವುಗಳನ್ನು ಎತ್ತಿ ತಂದು ಸಾಕಿ ಮತ್ತೆ ಹಾರಿಬಿಡುವ ಆರೈಕೆ ಕೇಂದ್ರವೇ ದ್ವೀಪದ ಬೆಲಿ ಎಂಬ ಹಳ್ಳಿಯಲ್ಲಿದೆ.

ದ್ವೀಪದಿಂದ ದ್ವೀಪಕ್ಕೆ ದಾಟುವುದು ಹೇಗೆ?

ಸ್ಪರ್ಧೆಯಲ್ಲಾದರೆ ಆಯೋಜಕರೇ ಹಡಗಿನ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಸ್ವಂತವಾಗಿ ಹೋಗುವವರು ನಕ್ಷೆಯಲ್ಲಿ ಒಂದು ಬಂದರನ್ನು ಗುರುತು ಹಾಕಿಕೊಳ್ಳಿ: ಕರ್ಕ್‌ನ ಪಶ್ಚಿಮ ದಡದ ವಾಲ್ಬಿಸ್ಕಾ. ಇಲ್ಲಿಂದ ಒಂದು ಫೆರ್ರಿ ರಾಬ್‌ನ ಲೋಪಾರ್‌ಗೆ, ಇನ್ನೊಂದು ತ್ಸ್ರೆಸ್‌ನ ಮೆರಗ್‌ಗೆ ಹೋಗುತ್ತದೆ. ಮೆರಗ್ ದಾರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಲೋಪಾರ್ ದಾರಿಗೆ ಒಂದು ಗಂಟೆಯ ಮೇಲೇ ಬೇಕು. ಹಾಗಾಗಿ ರಾಬ್ ಮುಗಿಸಿದವರು ವಾಲ್ಬಿಸ್ಕಾಕ್ಕೆ ಮರಳಿ ಬಂದು ಮೆರಗ್ ಫೆರ್ರಿ ಹಿಡಿಯುವುದು ವಾಡಿಕೆ. ಬೇಸಿಗೆಯ ವೇಳಾಪಟ್ಟಿ ಬೇರೆ, ಉಳಿದ ಕಾಲದ್ದು ಬೇರೆ. ಲೋಪಾರ್ ಕಡೆಗಿನ ಫೆರ್ರಿಗಳು ಕಡಿಮೆ. ಕೊನೆಯದು ತಪ್ಪಿತೆಂದರೆ ಮರುದಿನದ ಯೋಜನೆಯೇ ತಲೆಕೆಳಗು. ದಿನದ ಸವಾರಿಯನ್ನು ಕೊನೆಯ ಫೆರ್ರಿಗೆ ಹೊಂದಿಸದೆ ಅದಕ್ಕಿಂತ ಹಿಂದಿನದಕ್ಕೆ ಹೊಂದಿಸಿ.

ತ್ಸ್ರೆಸ್‌ನಿಂದ ಲೋಶಿನ್‌ಗೆ ಹಡಗು ಬೇಡ. ಓಸೋರ್ ಎಂಬ ಪುಟ್ಟ ಪುರಾತನ ಊರಿನಲ್ಲಿ ಎರಡು ದ್ವೀಪಗಳ ನಡುವೆ ಇರುವುದು ಕೆಲವೇ ಮೀಟರ್ ಅಗಲದ ಕಾಲುವೆ. ಪ್ರಾಚೀನ ಕಾಲದಲ್ಲೇ ತೋಡಿದ್ದು. ಅದರ ಮೇಲೊಂದು ತಿರುಗುವ ಸೇತುವೆ. ದೋಣಿಗಳಿಗೆ ದಾರಿ ಬಿಡಲು ದಿನಕ್ಕೆ ಎರಡು ಬಾರಿ ತೆರೆಯುತ್ತಾರೆ. ಆ ಹೊತ್ತಿಗೆ ಸಿಕ್ಕಿಕೊಂಡರೆ ಕಾಯುವುದು ನಷ್ಟವಲ್ಲ, ಬಾಳೆಹಣ್ಣು ತಿನ್ನಲು ಒಳ್ಳೆಯ ಸಮಯ.

ಯಾವ ತಿಂಗಳು ಹೋಗಬೇಕು?

ಏಪ್ರಿಲ್ ಮಧ್ಯದಿಂದ ಮೇ ಕೊನೆವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಬಿಳಿಗಲ್ಲಿನ ಮೇಲೆ ನೆರಳಿಲ್ಲದೆ ಬೇಯುತ್ತೀರಿ. ಫೆರ್ರಿಗೆ ಕಾರುಗಳ ಸಾಲು, ರೂಮಿಗೆ ದುಪ್ಪಟ್ಟು ಬಾಡಿಗೆ.

ಬುರಾ ಗಾಳಿಗೆ ಅಷ್ಟೊಂದು ಹೆದರಬೇಕೇ?

ಹೆದರಬೇಕಿಲ್ಲ, ಗೌರವ ಕೊಡಬೇಕು. ಬುರಾ ಚಳಿಗಾಲದಲ್ಲಿ ಜೋರು. ವಸಂತದಲ್ಲೂ ಬರುತ್ತದೆ. ಅದರ ಮೋಸ ಏನೆಂದರೆ, ಆಕಾಶ ತಿಳಿಯಾಗಿರುತ್ತದೆ, ಬಿಸಿಲಿರುತ್ತದೆ, ಸವಾರಿಗೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ ಅನಿಸುತ್ತದೆ. ಗಾಳಿ ಒಂದೇ ಸಮ ಬೀಸುವುದಿಲ್ಲ. ಬಿಟ್ಟು ಬಿಟ್ಟು ರಪ್ಪನೆ ಹೊಡೆಯುತ್ತದೆ. ಕಡಿಬಂಡೆಯಂಚಿನ, ಒಂದೇ ಸೈಕಲ್ ಹಿಡಿಸುವ ಸಿಂಗಲ್‌ಟ್ರ್ಯಾಕ್‌ನಲ್ಲಿ ಅಂಥ ಒಂದು ಹೊಡೆತ ಸಾಕು. ಸ್ಥಳೀಯರು ವೆಲೆಬಿಟ್ ಕಡೆ ನೋಡುತ್ತಾರೆ. ಬೆಟ್ಟದ ನೆತ್ತಿಯ ಮೇಲೆ ಬಿಳಿಯ ಮೋಡ ಟೋಪಿಯ ಹಾಗೆ ಕೂತಿದ್ದರೆ ಬುರಾ ಬರಲಿದೆ ಎಂದರ್ಥ. ಜೋರಾದಾಗ ಫೆರ್ರಿ ನಿಲ್ಲುತ್ತದೆ, ಕರ್ಕ್ ಸೇತುವೆಯ ಮೇಲೂ ವಾಹನಗಳಿಗೆ ನಿರ್ಬಂಧ ಬೀಳುತ್ತದೆ. ಅಂಥ ದಿನ ಪೂರ್ವದ ಬೋಳು ಬದಿಯನ್ನು ಬಿಟ್ಟು ಪಶ್ಚಿಮದ ಕಾಡಿನ ದಾರಿ ಹಿಡಿಯಿರಿ. ಸ್ಪರ್ಧೆಯಲ್ಲಿ ಆಯೋಜಕರು ಹಂತವನ್ನು ಮೊಟಕುಗೊಳಿಸಿದರೆ ಗೊಣಗಬೇಡಿ.

ಇದಕ್ಕೆ ಎದುರು ಸ್ವಭಾವದ್ದು ‘ಯೂಗೊ’. ಆಗ್ನೇಯದಿಂದ ನಿಧಾನವಾಗಿ ಬಲಗೊಳ್ಳುತ್ತದೆ. ಬೆಚ್ಚಗೆ, ತೇವ, ಮಳೆ. ಒದ್ದೆಯಾದ ನುಣುಪು ಸುಣ್ಣದಕಲ್ಲು ಸೋಪಿನಷ್ಟೇ ಜಾರುತ್ತದೆ. ಅದರ ಮೇಲೆ ತಿರುಗಿಸುವುದು, ಮುಂದಿನ ಬ್ರೇಕ್ ಒತ್ತುವುದು ಎರಡೂ ಬೇಡ. ಬ್ರೇಕ್ ಕೆಲಸವನ್ನು ಅದಕ್ಕೂ ಮುಂಚೆಯೇ ಮುಗಿಸಿ, ನೇರವಾಗಿ ಉರುಳಲು ಬಿಡಿ.

ಯಾವ ಸೈಕಲ್? ಹಾರ್ಡ್‌ಟೇಲ್ ಸಾಕೇ?

ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್, ಮುಗಿಸಲು ಸಾಕು. ಆದರೆ ಆಯ್ಕೆ ಇದ್ದರೆ 100ರಿಂದ 120 ಮಿಲಿಮೀಟರ್‌ನ ಫುಲ್ ಸಸ್ಪೆನ್ಷನ್ (ಮುಂದೆ ಹಿಂದೆ ಎರಡೂ ಚಕ್ರ ಅಷ್ಟು ಮೇಲೆ ಕೆಳಗೆ ಆಡುವ ಸೈಕಲ್) ತೆಗೆದುಕೊಳ್ಳಿ. ನಾಲ್ಕೈದು ಗಂಟೆ ಚೂಪುಗಲ್ಲಿನ ಮೇಲೆ ಉಳಿಸುವುದು ಸಮಯಕ್ಕಿಂತ ಹೆಚ್ಚಾಗಿ ನಿಮ್ಮ ಬೆನ್ನು, ಅಂಗೈ. ಓಡಿಸುತ್ತಲೇ ಸೀಟು ತಗ್ಗಿಸುವ ಡ್ರಾಪರ್ ಪೋಸ್ಟ್ ಇದ್ದರೆ ಕಡಿದಾದ ಮೆಟ್ಟಿಲು ಕಲ್ಲುಗಳಲ್ಲಿ ಧೈರ್ಯ ಬರುತ್ತದೆ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಇರುವ ಶೂ ಹಾಕುವವರು ಅಡಿಭಾಗ ರಬ್ಬರಿನದೇ ಇರುವಂತೆ ನೋಡಿಕೊಳ್ಳಿ. ಸೈಕಲ್ ಹೊತ್ತು ನಡೆಯುವ ಜಾಗಗಳು ಬಂದೇ ಬರುತ್ತವೆ.

ಇ-ಬೈಕ್ ವಿಚಾರ: ಸ್ಪರ್ಧೆಯಲ್ಲಿ ಪ್ರತ್ಯೇಕ ವಿಭಾಗ ಇದೆಯೇ ಎಂದು ಕೇಳಿಕೊಳ್ಳಿ. ವಿಮಾನದಲ್ಲಿ ಒಯ್ಯುವ ಆಸೆ ಬಿಡಿ. ಪ್ರಯಾಣಿಕರ ವಿಮಾನದಲ್ಲಿ 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಅನುಮತಿ ಇಲ್ಲ. ಇ-ಬೈಕ್ ಬ್ಯಾಟರಿ ಸಾಮಾನ್ಯವಾಗಿ ಅದರ ಮೂರರಿಂದ ಐದು ಪಟ್ಟು ಇರುತ್ತದೆ. ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳುವುದು ಉಪಾಯ.

ಟೈರಿನ ಬಗ್ಗೆ ಎಲ್ಲರೂ ಇಷ್ಟೊಂದು ಮಾತಾಡುತ್ತಾರಲ್ಲ, ಯಾಕೆ?

ಏಕೆಂದರೆ ಇಲ್ಲಿ ಸವಾರಿ ಕೆಡುವುದು ಸಾಮಾನ್ಯವಾಗಿ ಟೈರಿನಿಂದಲೇ. ಬೇರೆಡೆ ಟೈರಿಗೆ ಮುಳ್ಳು ಚುಚ್ಚುತ್ತದೆ, ಒಳಗಿನ ಸೀಲಂಟ್ ಎಂಬ ಅಂಟುದ್ರವ ತಾನೇ ತೂತು ಮುಚ್ಚುತ್ತದೆ. ಇಲ್ಲಿ ಕಲ್ಲಿನ ಅಂಚು ಟೈರಿನ ಪಕ್ಕೆಯನ್ನು ಸೀಳುತ್ತದೆ. ಪಕ್ಕೆ ತೆಳ್ಳಗಿರುವ ಹಗುರ ರೇಸಿಂಗ್ ಟೈರನ್ನು ಮನೆಯಲ್ಲೇ ಬಿಡಿ. 2.35 ಅಥವಾ 2.4 ಇಂಚು ಅಗಲದ, ಪಕ್ಕೆಗೆ ಹೆಚ್ಚುವರಿ ಪದರ ಇರುವ ಟ್ಯೂಬ್‌ಲೆಸ್ ಟೈರ್ ಹಾಕಿ, ಹೊಸ ಸೀಲಂಟ್ ತುಂಬಿಸಿ. ತೂಕ ನೂರಿನ್ನೂರು ಗ್ರಾಂ ಏರಿದರೆ ಏರಲಿ. 75 ಕಿಲೋ ತೂಕದವರು ಗಾಳಿಯ ಒತ್ತಡವನ್ನು ಮುಂದೆ 1.5 ಬಾರ್, ಹಿಂದೆ 1.7 ಬಾರ್ ಸುಮಾರಿನಿಂದ ಶುರು ಮಾಡಿ ನೋಡಬಹುದು. ರಿಮ್ ಕಲ್ಲಿಗೆ ಬಡಿದ ಸದ್ದು ಕೇಳಿದರೆ ಸ್ವಲ್ಪ ಏರಿಸಿ.

ಸೀಳಿದಾಗ ಏನಾಗುತ್ತದೆ ಗೊತ್ತೇ? ಬಿಳಿಯ ದ್ರವ ಚಿಮ್ಮುತ್ತಾ ಚಕ್ರ ಸುತ್ತುತ್ತದೆ, ‘ಸುಯ್’ ಎನ್ನುವ ಸದ್ದು ಪ್ರತಿ ಸುತ್ತಿಗೂ ಒಮ್ಮೆ ಕೇಳುತ್ತದೆ. ಕೂಡಲೇ ನಿಲ್ಲಿಸಿ, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ. ಆಗ ಸೀಲಂಟ್ ಅಲ್ಲಿಗೆ ಹರಿದು ಸೇರುತ್ತದೆ. ಒಬ್ಬರು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು, ಅಷ್ಟರಲ್ಲಿ ಇನ್ನೊಬ್ಬರು ಪ್ಲಗ್ ಸೂಜಿಗೆ ರಬ್ಬರ್ ಎಳೆ ಪೋಣಿಸಿ ಚುಚ್ಚಬೇಕು. ಒಂದಕ್ಕೆ ನಿಲ್ಲದಿದ್ದರೆ ಪಕ್ಕದಲ್ಲಿ ಇನ್ನೊಂದು. ಸೀಳು ದೊಡ್ಡದಾದರೆ ಒಳಗಿನಿಂದ ಟೈರ್ ಬೂಟ್ ಎಂಬ ಗಟ್ಟಿ ತೇಪೆ ಇಟ್ಟು ಟ್ಯೂಬ್ ಹಾಕುವುದೇ ದಾರಿ. ಇದನ್ನು ಇಬ್ಬರೂ ಮೊದಲೇ ಮಾಡಿ ರೂಢಿ ಮಾಡಿಕೊಂಡಿರಬೇಕು. ಯಾರು ಚಕ್ರ ಬಿಚ್ಚುವುದು, ಯಾರು ಬ್ಯಾಗಿನಿಂದ ಸಾಮಾನು ತೆಗೆಯುವುದು ಎಂದು ಮಾತಿಲ್ಲದೆ ನಡೆಯುವ ಜೋಡಿಗೆ ಐದು ನಿಮಿಷ ಸಾಕು. ಇಲ್ಲದವರಿಗೆ ಇಪ್ಪತ್ತು ನಿಮಿಷ, ಜೊತೆಗೊಂದು ಜಗಳ.

ಇಬ್ಬರಿಗೂ ಸೇರಿ ಏನೇನು ಒಯ್ಯಬೇಕು?

ಎರಡು ಟ್ಯೂಬ್, ಪ್ಲಗ್ ಕಿಟ್, ಟೈರ್ ಬೂಟ್, ಒಂದು ಪಂಪು, ಚೈನ್ ಕತ್ತರಿಸುವ ಉಪಕರಣ ಮತ್ತು ತುಂಡಾದ ಚೈನ್ ಜೋಡಿಸುವ ಕ್ವಿಕ್ ಲಿಂಕ್, ಇಬ್ಬರ ಸೈಕಲ್ಲಿಗೂ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿಸುವ ತುಂಡು) ಒಂದೊಂದು, ಒಂದು ಜೊತೆ ಬ್ರೇಕ್ ಪ್ಯಾಡ್, ಗಾಯಕ್ಕೆ ಬ್ಯಾಂಡೇಜು, ಉಷ್ಣ ಕಾಯುವ ಫಾಯಿಲ್ ಹೊದಿಕೆ, ಗಾಳಿ ತಡೆಯುವ ತೆಳು ಜಾಕೆಟ್ ಇಬ್ಬರಿಗೂ. ಇಬ್ಬರ ಸೈಕಲ್ಲಿನ ಚಕ್ರದ ಅಳತೆ, ಹಿಂದಿನ ಗೇರುಗಳ ಸಂಖ್ಯೆ, ಬ್ರೇಕ್ ಪ್ಯಾಡ್ ಮಾದರಿ ಒಂದೇ ಆಗಿದ್ದರೆ ಸಾಮಾನು ಅರ್ಧಕ್ಕೆ ಇಳಿಯುತ್ತದೆ. ಹ್ಯಾಂಗರ್ ಮಾತ್ರ ಮರೆಯಬೇಡಿ. ಪ್ರತಿ ಫ್ರೇಮಿಗೂ ಅದು ಬೇರೆ, ದ್ವೀಪದ ಅಂಗಡಿಯಲ್ಲಿ ನಿಮ್ಮದು ಸಿಗುವ ಭರವಸೆ ಇಲ್ಲ.

ದಾರಿಯಲ್ಲಿ ನೀರು ಸಿಗುತ್ತದೆಯೇ?

ತೊರೆ, ಹಳ್ಳ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಸುಣ್ಣದಕಲ್ಲಿನ ನೆಲ ಬಿದ್ದ ಮಳೆಯನ್ನು ಬಿರುಕುಗಳಲ್ಲಿ ಕುಡಿದುಬಿಡುತ್ತದೆ. ಮೇಲೆ ಹರಿಯುವುದು ಬಲು ಅಪರೂಪ. ತ್ಸ್ರೆಸ್ ಮಧ್ಯದಲ್ಲಿ ವ್ರಾನಾ ಎಂಬ ದೊಡ್ಡ ಸಿಹಿನೀರಿನ ಕೆರೆ ಇದೆ. ಅದರ ತಳ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ, ಆದರೂ ನೀರು ಸಿಹಿ. ತ್ಸ್ರೆಸ್, ಲೋಶಿನ್ ಎರಡೂ ದ್ವೀಪಗಳು ಕುಡಿಯುವುದು ಇದನ್ನೇ. ಅದಕ್ಕೇ ಇಳಿಯಲು, ಈಜಲು ನಿಷೇಧ. ಮೇಲಿನ ದಾರಿಯಿಂದ ನೋಡಿ ಖುಷಿಪಡಿ.

ಊರಿನಿಂದ ಹೊರಡುವಾಗ ತಲಾ ಎರಡು ಲೀಟರ್ ಇರಲಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುವ ಲೆಕ್ಕ. ಬಿಸಿಲಿದ್ದರೆ ಅದರಲ್ಲಿ ಉಪ್ಪಿನಂಶವೂ ಬೇಕು.

ತಿನ್ನುವುದು ಎಷ್ಟು?

ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್. ಇಷ್ಟನ್ನು ಹೊಟ್ಟೆ ತಡೆದುಕೊಳ್ಳಬೇಕಾದರೆ ವಾರಗಟ್ಟಲೆ ಅಭ್ಯಾಸ ಬೇಕು, ಸವಾರಿಯ ದಿನ ಹೊಸದನ್ನು ಪ್ರಯೋಗ ಮಾಡಬೇಡಿ. ಜೋಡಿಯಾಗಿ ಓಡಿಸುವವರಿಗೆ ಒಂದು ಅನುಕೂಲ ಇದೆ: ಇಬ್ಬರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡು ಪ್ರತಿ ಅರ್ಧ ಗಂಟೆಗೆ ‘ತಿನ್ನು’ ಎಂದು ಹೇಳಬಹುದು. ಹೇಳಿದಾಗ ಇಬ್ಬರೂ ತಿನ್ನಬೇಕು, ಹಸಿವಿದೆಯೋ ಇಲ್ಲವೋ ಎಂಬ ಚರ್ಚೆ ಬೇಡ. ಸಕ್ಕರೆ ಇಳಿದಾಗ ಮೊದಲು ಕೆಡುವುದು ಕಾಲಲ್ಲ, ಮೂಡು. ಜೊತೆಗಾರರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಸಣ್ಣ ಮಾತಿಗೆ ಸಿಡುಕಿದರೆ ಮನಸ್ಸಿಗೆ ಹಚ್ಚಿಕೊಳ್ಳದೆ ಒಂದು ಎನರ್ಜಿ ಜೆಲ್ ಕೈಗೆ ಕೊಡಿ. ಹತ್ತು ಹದಿನೈದು ನಿಮಿಷದಲ್ಲಿ ಹಳೆಯ ಮನುಷ್ಯ ವಾಪಸು ಬರುತ್ತಾನೆ.

ಅಭ್ಯಾಸ ಎಷ್ಟು ತಿಂಗಳು ಬೇಕು?

ವಾರಕ್ಕೆ ಎರಡು ಮೂರು ಬಾರಿ ಓಡಿಸುವ ರೂಢಿ ಈಗಾಗಲೇ ಇದ್ದರೆ ನಾಲ್ಕು ತಿಂಗಳು. ಮುಖ್ಯವಾದುದು ಸತತ ದಿನಗಳ ಅಭ್ಯಾಸ. ಶನಿವಾರ ಐದು ಗಂಟೆ ಓಡಿಸಿ ಭಾನುವಾರ ನೋಯುವ ಕಾಲಿನಲ್ಲಿ ಮತ್ತೆ ನಾಲ್ಕು ಗಂಟೆ ಓಡಿಸಿದಾಗ ಮಾತ್ರ ಹಂತ ಸವಾರಿಯ ರುಚಿ ತಿಳಿಯುತ್ತದೆ. ಕೊನೆಯ ಎರಡು ವಾರ ಅಭ್ಯಾಸ ಇಳಿಸಿಕೊಳ್ಳಿ. ಕಲ್ಲಿನ ದಾರಿ ಹತ್ತಿರದಲ್ಲಿ ಎಲ್ಲಿದ್ದರೂ ಹುಡುಕಿಕೊಂಡು ಹೋಗಿ. ಡಾಂಬರಿನ ಮೇಲೆ ಕಟ್ಟಿದ ಕಾಲು ಏರಿಗೆ ಆಗುತ್ತದೆ, ಇಳಿಜಾರಿಗೆ ಕೈಯೂ ಕಣ್ಣೂ ಪಳಗಿರಬೇಕು.

ಹೊಲ, ಕುರಿಗಳ ನಡುವೆ ದಾರಿ ಹೋಗುತ್ತದಂತೆ. ಏನು ಗಮನಿಸಬೇಕು?

ಇದನ್ನು ಮನಸ್ಸಿಟ್ಟು ಓದಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಈ ದ್ವೀಪಗಳ ಉದ್ದಕ್ಕೂ ಹಬ್ಬಿವೆ. ಕ್ರೊಯೇಷಿಯಾ ಸೇರಿ ಎಂಟು ದೇಶಗಳ ಈ ಕಟ್ಟುವ ಕಲೆಯನ್ನು 2018ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾಶ್ಕಾದ ಮೇಲಿನ ಬಯಲಿನಲ್ಲಿ ‘ಮ್ರ್‌ಗಾರಿ’ ಎಂಬ ಕುರಿದೊಡ್ಡಿಗಳಿವೆ. ಮೇಲಿನಿಂದ ನೋಡಿದರೆ ಕಲ್ಲಿನ ಹೂವು. ನಡುವಿನ ಅಂಗಳಕ್ಕೆ ಎಲ್ಲರ ಕುರಿಗಳನ್ನೂ ಒಟ್ಟಿಗೆ ಹೊಡೆದುತಂದು, ಸುತ್ತಲಿನ ಒಂದೊಂದು ಎಸಳಿಗೆ ಒಬ್ಬೊಬ್ಬ ಯಜಮಾನನ ಕುರಿಗಳನ್ನು ಬೇರ್ಪಡಿಸುವ ಏರ್ಪಾಡು ಅದು. ಸೈಕಲ್ ಒರಗಿಸಿ ಫೋಟೋ ತೆಗೆಯಲು, ಗೋಡೆ ಹತ್ತಿ ಅಡ್ಡದಾರಿ ಹಿಡಿಯಲು ಇವನ್ನು ಬಳಸಬೇಡಿ. ಮೇಲಿನ ಒಂದು ಕಲ್ಲು ಉರುಳಿದರೆ ಉಳಿದವೂ ಹಿಂಬಾಲಿಸುತ್ತವೆ, ಅದನ್ನು ಮತ್ತೆ ಕಟ್ಟಬೇಕಾದವರು ವಯಸ್ಸಾದ ಕುರಿಗಾಹಿಗಳು.

ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಇಬ್ಬರಿದ್ದಾಗ ಇದು ಸಲೀಸು: ಒಬ್ಬರು ಗೇಟು ಹಿಡಿದರೆ ಇನ್ನೊಬ್ಬರು ಎರಡೂ ಸೈಕಲ್ ದಾಟಿಸುತ್ತಾರೆ. ವಸಂತದಲ್ಲಿ ಮರಿ ಹಾಕಿದ ಕುರಿಗಳಿರುತ್ತವೆ. ಹಿಂಡು ಎದುರಾದರೆ ನಿಂತು ದಾರಿ ಬಿಡಿ. ಹುಲ್ಲು, ಪೊದೆಗಳಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ. ಸಂಜೆ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ಸೊಂಟದ ಸುತ್ತ ನೋಡಿಕೊಳ್ಳಿ.

ಬಿದ್ದು ಪೆಟ್ಟಾದರೆ?

ಕರೆ ಮಾಡಬೇಕಾದ ಸಂಖ್ಯೆ 112. ಕಡಿದಾದ ಜಾಗಗಳಿಗೆ ಪರ್ವತ ರಕ್ಷಣಾ ಸೇವೆಯವರು ಬರುತ್ತಾರೆ. ಜೊತೆಗಾರರನ್ನು ಬಿಟ್ಟು ಹೋಗಬೇಡಿ. ಸಿಗ್ನಲ್ ಇಲ್ಲದಿದ್ದರೆ ಹಾದುಹೋಗುವ ಮುಂದಿನ ತಂಡದ ಮೂಲಕ ಸುದ್ದಿ ಕಳುಹಿಸಿ. ತಲೆಗೆ ಪೆಟ್ಟಾಗಿ ಮಾತು ತೊದಲಿದರೆ, ಆಗಷ್ಟೇ ನಡೆದದ್ದು ಮರೆತಿದ್ದರೆ, ‘ನಾನು ಸರಿಯಿದ್ದೇನೆ’ ಎಂದು ಅವರು ಎಷ್ಟೇ ಹೇಳಿದರೂ ಆ ದಿನದ ಸವಾರಿ ಅಲ್ಲಿಗೆ ಮುಗಿಯಿತು. ಈ ತೀರ್ಮಾನ ಪೆಟ್ಟಾಗದವರದ್ದು ಎಂದು ಹೊರಡುವ ಮೊದಲೇ ಮಾತು ಮಾಡಿಕೊಂಡಿರಿ.

ವೀಸಾ, ಹಣ, ವಿಮೆ?

ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ವಲಯಕ್ಕೂ ಯೂರೋ ನಾಣ್ಯಕ್ಕೂ ಒಟ್ಟಿಗೇ ಸೇರಿತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಬೇಕು. ವಿಮೆಯ ಷರತ್ತಿನಲ್ಲಿ ಮೌಂಟನ್ ಬೈಕ್, ಅದರಲ್ಲೂ ಸ್ಪರ್ಧೆ, ಒಳಗೊಂಡಿದೆಯೇ ಎಂದು ಬರಹದಲ್ಲಿ ಪಡೆಯಿರಿ. ಸಾಮಾನ್ಯ ಪ್ರವಾಸಿ ವಿಮೆಗಳು ಸಾಹಸ ಕ್ರೀಡೆಯನ್ನು ಹೊರಗಿಡುವುದುಂಟು. ರಿಯೆಕಾ ನಗರದ ವಿಮಾನ ನಿಲ್ದಾಣ ಇರುವುದೇ ಕರ್ಕ್ ದ್ವೀಪದ ಮೇಲೆ. ವಿಮಾನಗಳು ಕಡಿಮೆ, ಜಾಗ್ರೆಬ್‌ಗೆ ಇಳಿದು ರಸ್ತೆಯಲ್ಲಿ ಬರುವವರೇ ಹೆಚ್ಚು.

ನಾಲ್ಕೂ ದ್ವೀಪ ನಮ್ಮಿಂದ ಆಗದು ಅನಿಸಿದರೆ?

ತ್ಸ್ರೆಸ್, ಲೋಶಿನ್ ಎರಡನ್ನೇ ಇಟ್ಟುಕೊಳ್ಳಿ. ಮೆರಗ್‌ನಲ್ಲಿ ಇಳಿದು ದಕ್ಷಿಣಕ್ಕೆ ಓಸೋರ್ ದಾಟಿ ಲೋಶಿನ್‌ನ ಪೈನ್ ಕಾಡಿನವರೆಗೆ ಮೂರು ದಿನ ಆರಾಮವಾಗಿ ಓಡಿಸಬಹುದು. ಅಲ್ಲಿನ ಪೈನ್‌ಗಳು ಬಹುಪಾಲು 19ನೇ ಶತಮಾನದ ಕೊನೆಯಲ್ಲಿ ನೆಟ್ಟವು. ಗಾಳಿ ಒಳ್ಳೆಯದೆಂದು 1892ರಲ್ಲೇ ಲೋಶಿನ್ ಅನ್ನು ಆರೋಗ್ಯಧಾಮವೆಂದು ಘೋಷಿಸಿದ್ದರು. ಕಲ್ಲಿನ ಮೇಲೆ ಎರಡು ದಿನ ನಡುಗಿದ ಕೈಗೆ ಆ ಸೂಜಿ ಎಲೆ ಹಾಸಿನ ದಾರಿ ಬಲು ಹಿತ.

ನಾಲ್ವರಿದ್ದರೆ ಎರಡು ಜೋಡಿಯಾಗಿ ಹೋಗಿ, ದಿನಕ್ಕೊಮ್ಮೆ ಜೋಡಿ ಬದಲಿಸಿ. ಯಾರ ಜೊತೆ ಯಾರ ಹೆಜ್ಜೆ ಕೂಡುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಮುಂದೆ ಸ್ಪರ್ಧೆಗೆ ಹೆಸರು ಕೊಡುವಾಗ ಆ ತಿಳಿವಳಿಕೆ ಕೈಹಿಡಿಯುತ್ತದೆ.

ಪ್ರತಿ ದಿನದ ಕೊನೆಗೆ ಸೈಕಲ್ಲಿಗೆ ಏನು ಮಾಡಬೇಕು?

ಮೊದಲು ಸಿಹಿನೀರಿನಲ್ಲಿ ತೊಳೆಯಿರಿ, ಪ್ರೆಷರ್ ವಾಷರ್‌ನಿಂದ ಬೇರಿಂಗ್‌ಗಳಿಗೆ ನೇರ ಹೊಡೆಯಬೇಡಿ. ಕಡಲಗಾಳಿಯ ಉಪ್ಪು ಚೈನಿನ ಮೇಲೆ ಒಂದು ರಾತ್ರಿ ಕೂತರೂ ಬೆಳಿಗ್ಗೆ ಕಂದು ಬಣ್ಣ ಕಾಣುತ್ತದೆ. ಚೈನನ್ನು ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು ಮತ್ತೆ ಒರೆಸಿ. ಟೈರಿನ ಪಕ್ಕೆಯಲ್ಲಿ ಬೆರಳಾಡಿಸಿ ಹೊಸ ಗೀರು ಇದೆಯೇ ನೋಡಿ, ಬ್ರೇಕ್ ಪ್ಯಾಡಿನ ದಪ್ಪ ನೋಡಿ, ಕ್ಲೀಟ್ ಬೋಲ್ಟ್ ಬಿಗಿ ಮಾಡಿ. ಒಬ್ಬರು ಎರಡೂ ಸೈಕಲ್ ನೋಡಿಕೊಳ್ಳುವಾಗ ಇನ್ನೊಬ್ಬರು ಇಬ್ಬರ ನೀರು, ತಿಂಡಿ, ಮರುದಿನದ ಫೆರ್ರಿ ಸಮಯ ನೋಡಿಕೊಂಡರೆ ಅರ್ಧ ಗಂಟೆಯಲ್ಲಿ ಎಲ್ಲ ಮುಗಿದು ಊಟಕ್ಕೆ ಹೊರಡಬಹುದು.